ಎರ್ಗಶ್ ಉಸ್ತಾ ಮತ್ತು ಮುಖದ ಮೇಲಿನ ಬಿಳಿ ಗೆರೆ

ರೇಷ್ಮೆಗೆ ಹೆಸರಾದ ನಮ್ಮ ಮರ್ಗಿಲಾನ್ ಊರಿನ ಬಜಾರಿನಲ್ಲಿ ಪ್ರಿಂಟರ್ ಕೈಕೊಟ್ಟರೆ ಜನ ಮೊದಲು ಅದರ ತಲೆಯ ಮೇಲೆ ಒಂದು ಬಾರಿಸುತ್ತಾರೆ, ಆಮೇಲೆ ಅದನ್ನು ಮಾರಿದವನ ವಂಶವನ್ನೆಲ್ಲ ಬೈಯುತ್ತಾರೆ, ಅದರಿಂದಲೂ ಏನೂ ಆಗದಿದ್ದರೆ ಎರ್ಗಶ್ ಉಸ್ತಾರನ್ನು ಕರೆಯುತ್ತಾರೆ. ನಾನೂ ಆ ಪೈಕಿಯವಳೇ. ನನ್ನ ಹೆಸರು ಓಯ್ದಿನ್. ರೇಷ್ಮೆ ಅಂಗಡಿಗಳ ಸಾಲಿನ ಕೊನೆಯಲ್ಲಿ ನನ್ನದೊಂದು ಪ್ರಿಂಟಿಂಗ್ ಅಂಗಡಿಯಿದೆ. ಮದುವೆ ಕಾಗದ, ಬಟ್ಟೆಯ ಥಾನಿಗೆ ಅಂಟಿಸುವ ಬಣ್ಣದ ಚೀಟಿ, ಶಾಲೆ ಮಕ್ಕಳ ಪಟ, ಹೀಗೆ ಯಾರು ಏನು ತಂದರೂ ಅಚ್ಚು ಹಾಕಿಕೊಡುತ್ತೇನೆ. ಓಯ್ದಿನ್‌ಗೆ ಮೂಗಿನ ತುದಿಯಲ್ಲೇ ಕೋಪ ಎಂದು ಸಾಲಿನವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬಣ್ಣದ ಲೇಸರ್ ಪ್ರಿಂಟರ್ ಇಟ್ಟುಕೊಂಡವಳಿಗೆ ಸಮಾಧಾನ ಹೇಳುವವರು ಒಂದು ದಿನ ಬಂದು ನನ್ನ ಕುರ್ಚಿಯಲ್ಲಿ ಕೂತು ನೋಡಲಿ.

ಉಸ್ತಾ, ಅಂದರೆ ಕಸುಬಿನಲ್ಲಿ ಪಳಗಿದವನು ಎಂದು ನಾವು ಯಾರು ಯಾರನ್ನೋ ಕರೆಯುತ್ತೇವೆ, ಟೈರಿಗೆ ಗಾಳಿ ಹಾಕುವವನನ್ನೂ ಕೂಡ. ಆದರೆ ಎರ್ಗಶ್ ಆ ಮಾತಿಗೆ ತಕ್ಕ ಮನುಷ್ಯ. ಹಾಗೆಂದು ಅವರಿಗೂ ಚೆನ್ನಾಗಿ ಗೊತ್ತು. ವಿನಯ ಗಿನಯ ಅವರ ಹತ್ತಿರ ಸುಳಿದಿಲ್ಲ. ಅಂಗಡಿಯೊಳಗೆ ಕಾಲಿಡುವಾಗಲೇ, "ಬಂದೆ ಕಣಮ್ಮ, ಇನ್ನು ನಿನ್ನ ಕಷ್ಟ ಪರಿಹಾರ" ಎನ್ನುತ್ತಾರೆ. ಮೀಸೆಯಲ್ಲಿ ಒಂದು ದಿನ ಪ್ರಿಂಟರಿನ ನೀಲಿ ಪುಡಿ, ಇನ್ನೊಂದು ದಿನ ಹಳದಿ ಪುಡಿ. ಅವರ ಹೆಂಡತಿ ಜೆಬಿನಿಸೊ ಅದನ್ನು ನೋಡಿಯೇ ಗಂಡ ಇವತ್ತು ಯಾವ ಬಣ್ಣದ ರಿಪೇರಿಗೆ ಹೋಗಿದ್ದ ಎಂದು ಹೇಳುತ್ತಾಳಂತೆ.

ಉಸ್ತಾರ ತಾಯಿ ರೇಷ್ಮೆಗೆ ಬಣ್ಣ ಹಾಕುತ್ತಿದ್ದವರು. ಆಕೆಯ ಕೈಗಳು ಮೊಣಕೈವರೆಗೂ ನೀಲಿಯಾಗಿದ್ದವು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಕುದಿಯುವ ಬಣ್ಣದ ಹಂಡೆಗಳ ನಡುವೆ ಆವಿ ಕುಡಿದು ಬೆಳೆದ ಮಗನಿಗೆ ಚಿಕ್ಕಂದಿನಲ್ಲೇ ವಾಸನೆ ತಿಳಿಯುವುದು ನಿಂತುಹೋಯಿತು. ಇವತ್ತಿಗೂ ಕಡಾಯಿಯಲ್ಲಿ ಪಲಾವ್ ಸೀದರೂ ಅವರಿಗೆ ಗೊತ್ತಾಗದು. ದೊಡ್ಡವರಾದ ಮೇಲೆ ರೇಷ್ಮೆ ಕಾರ್ಖಾನೆಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದರು. ಕಾರ್ಖಾನೆ ಬಾಗಿಲು ಹಾಕಿದಾಗ ಜೊತೆಯವರೆಲ್ಲ ಹೊರದೇಶಕ್ಕೆ ಕೂಲಿಗೆ ಹೋದರು. ಇವರು ಮಾತ್ರ ಯಾರೋ ಬಿಸಾಕಿದ್ದ ಜೆರಾಕ್ಸ್ ಯಂತ್ರವೊಂದನ್ನು ಮನೆಗೆ ಹೊತ್ತು ತಂದು, ಚಳಿಗಾಲವಿಡೀ ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ ಕಲಿತರು. "ಮಗ್ಗಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳು? ಅಲ್ಲಿ ನೂಲು ಸಾಲಾಗಿ ಕೂರ್ತಿತ್ತು, ಇಲ್ಲಿ ಪುಡಿ ಕೂರುತ್ತೆ" ಎನ್ನುತ್ತಾರೆ, ಅದೇನೋ ಎಲ್ಲರಿಗೂ ಗೊತ್ತಿರುವ ಸಂಗತಿ ಎನ್ನುವ ಹಾಗೆ.

ಬೇರೆ ರಿಪೇರಿಯವರು ಬಂದ ಕೂಡಲೇ ಪ್ರಿಂಟರಿನ ಹೊಟ್ಟೆ ಬಿಚ್ಚುತ್ತಾರೆ. ಉಸ್ತಾ ಮೊದಲು ಹಸಿರು ಚಹಾ ಕೇಳುತ್ತಾರೆ, ಆಮೇಲೆ ಕೆಟ್ಟು ಬಂದ ಹಾಳೆಗಳನ್ನು ಕೇಳುತ್ತಾರೆ. ಒಂದು ಸಲ ನಾನು ಸಿಟ್ಟಿನಲ್ಲಿ ಅವನ್ನೆಲ್ಲ ಮುದುರಿ ಒಲೆಗೆ ಹಾಕಿಬಿಟ್ಟಿದ್ದೆ.

"ಡಾಕ್ಟರ ಹತ್ರ ಹೋಗುವಾಗ ಕಾಯಿಲೆನ ಮನೇಲಿ ಬಿಟ್ಟು ಹೋಗ್ತೀಯೇನಮ್ಮಾ?" ಎಂದು ರೇಗಿದರು.

"ಇನ್ನೊಂದು ಹಾಳೆ ತೆಗೆದ್ರಾಯ್ತು. ಅದಕ್ಯಾಕೆ ಊರೆಲ್ಲ ಕೇಳೋ ಹಾಗೆ ಕೂಗ್ತೀರಿ?"

"ತೆಗಿ ಮತ್ತೆ. ಚೆನ್ನಾಗಿರೋದು ಬೇಡ ನಂಗೆ, ಕೆಟ್ಟದ್ದೇ ಬೇಕು."

ಅವತ್ತು ಹಾಳೆಯ ಮೇಲೆ ಒಂದು ನೀಲಿ ಚುಕ್ಕೆ ಮೇಲಿಂದ ಕೆಳಗೆ ಸಮನಾದ ದೂರದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಉಸ್ತಾ ಎರಡು ಚುಕ್ಕೆಗಳ ನಡುವೆ ಬೆರಳು ಚಾಚಿ ಅಳೆದರು. "ಸುತ್ತೋ ಉರುಳೆ ಮೇಲೆ ಎಲ್ಲೋ ಗಾಯ ಆಗಿದೆ. ಒಂದೊಂದು ಸುತ್ತಿಗೂ ಒಂದೊಂದು ಮುದ್ರೆ ಒತ್ತುತ್ತಾ ಹೋಗುತ್ತೆ. ಚಿಕ್ಕ ಉರುಳೆ ಆದ್ರೆ ಚುಕ್ಕೆ ಹತ್ತತ್ರ, ದೊಡ್ಡದಾದ್ರೆ ದೂರ ದೂರ. ಇದು ನೀಲಿ ಡ್ರಮ್ಮು, ಬಲಗಡೆ ಅಂಚು" ಎಂದರು. ಅಷ್ಟು ಹೇಳುವಾಗ ಅವರು ಪ್ರಿಂಟರಿನ ಕಡೆ ತಿರುಗಿಯೂ ನೋಡಿರಲಿಲ್ಲ. ಬಿಚ್ಚಿದರೆ ನೀಲಿ ಡ್ರಮ್ಮಿನ ಬಲ ಅಂಚಿನಲ್ಲಿ ಎಳ್ಳಿನಷ್ಟು ಗೀರು! ನಾನು ಬಾಯಿ ಬಿಟ್ಟುಕೊಂಡು ನಿಂತೆ. ಆಮೇಲೆ ನಾನು ಕೆಟ್ಟ ಹಾಳೆ ಸುಟ್ಟಿಲ್ಲ.

ಇನ್ನೊಂದು ಅಭ್ಯಾಸವೂ ಅವರಿಗಿತ್ತು. ಕೊನೆಯ ಸ್ಕ್ರೂ ಬಿಗಿ ಮಾಡಿ ಎದ್ದವರೇ, "ಕರೀರಿ ಬಿಬಿಸೋರಾ ಓಪಾನ" ಎನ್ನುತ್ತಿದ್ದರು. ನಮ್ಮಲ್ಲಿ ಹುಟ್ಟಿದ ಮಗು, ಬಂದ ಸೊಸೆ, ಕೊಂಡ ಕಾರು, ಕರು ಹಾಕಿದ ಹಸು ಯಾವುದೇ ಇರಲಿ, ಕೆಟ್ಟ ಕಣ್ಣು ತಾಗದಿರಲೆಂದು ಇಸಿರಿಕ್ ಸೊಪ್ಪಿನ ಹೊಗೆ ಹಾಕದೆ ಬಿಡುವುದಿಲ್ಲ. ಬಜಾರಿನಲ್ಲಿ ಆ ಕೆಲಸ ಬಿಬಿಸೋರಾ ಅವರದು. ಉಸ್ತಾಗೆ ಅವರು ಓಪಾ, ಅಂದರೆ ಅಕ್ಕ; ನನ್ನಂಥವರಿಗೆ ಖೋಲಾ, ಅಂದರೆ ದೊಡ್ಡಮ್ಮ. ದಿನಾ ಬೆಳಿಗ್ಗೆ ತಗಡಿನ ಸಟ್ಟುಗದಲ್ಲಿ ಕೆಂಡ, ಅದರ ಮೇಲೆ ಚಟಪಟ ಎನ್ನುವ ಒಣ ಸೊಪ್ಪು. ಅಂಗಡಿಯಿಂದ ಅಂಗಡಿಗೆ ಹೋಗಿ ನಮ್ಮ ತಲೆಗೆ, ಗಲ್ಲಾಪೆಟ್ಟಿಗೆಗೆ ಹೊಗೆ ಸುತ್ತಿ, ಮಂತ್ರದಂಥ ಅದೇ ನಾಲ್ಕು ಮಾತು ಗುನುಗಿ ಮುಂದೆ ಹೋಗುತ್ತಿದ್ದರು. ನನ್ನ ಬಣ್ಣದ ಪ್ರಿಂಟರ್ ಹೊಸದಾಗಿ ಬಂದಾಗ ಉಸ್ತಾ ಅದರ ಪಕ್ಕದ ಜಾಲರಿ ತೋರಿಸಿ, "ಇಲ್ಲಿ ಹಿಡೀರಿ ಓಪಾ, ಇದೇ ಅದರ ಮೂಗು, ಚೆನ್ನಾಗಿ ಎಳ್ಕೊಳ್ಳುತ್ತೆ" ಎಂದಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ನನ್ನ ತಲೆಗಿಂತ ಮೊದಲು ಪ್ರಿಂಟರಿನ ಮೂಗಿಗೆ ಹೊಗೆ ಬೀಳುತ್ತಿತ್ತು.

ಒಂದು ವಸಂತದ ಬೆಳಿಗ್ಗೆ ಬಿಬಿಸೋರಾ ಖೋಲಾ ಹೊಗೆ ಹಾಕಿದ ಮೇಲೂ ಹೊರಡಲಿಲ್ಲ. ತಲೆವಸ್ತ್ರದ ಗಂಟು ಬಿಚ್ಚಿ ಉಗುರಿನಷ್ಟು ಚಿಕ್ಕ ಫೋಟೊ ತೆಗೆದರು. ಅವರ ಮಗಳು ನಫೊಸತ್. ಹೊಲಿಗೆ ಕಾರ್ಖಾನೆಗೆ ಸೇರಿದಾಗ ಗುರುತಿನ ಚೀಟಿಗೆ ತೆಗೆಸಿದ್ದು. ಆ ಹುಡುಗಿ ಕಾಮಾಲೆಯಾಗಿ ತೀರಿಕೊಂಡು ವರ್ಷಗಳೇ ಆಗಿದ್ದವು. ಸಾಲಿನಲ್ಲಿ ಯಾರೂ ಖೋಲಾ ಎದುರಿಗೆ ಅವಳ ಹೆಸರೆತ್ತುತ್ತಿರಲಿಲ್ಲ.

"ಇದನ್ನ ದೊಡ್ಡದು ಮಾಡ್ಕೊಡ್ತೀಯಾ ಮಗಳೇ?"

"ಎಷ್ಟು ದೊಡ್ಡದು ಬೇಕು ಖೋಲಾ?"

"ಅವಳ ಮುಖ ಎಷ್ಟಿತ್ತೋ ಅಷ್ಟು." ಫೋಟೊವನ್ನು ನನ್ನ ಕೈಗಿಟ್ಟು ಹೇಳಿದರು, "ಮುಖ ಮರ್ತು ಹೋಗ್ತಾ ಇದೆ ಕಣೇ. ಮೂಗು ನೆನಪಾದ್ರೆ ಕಣ್ಣು ನೆನಪಾಗಲ್ಲ. ಕಣ್ಣು ಹಿಡ್ಕೊಂಡ್ರೆ ಬಾಯಿ ಜಾರಿ ಹೋಗುತ್ತೆ. ಈ ಫೋಟೊದಲ್ಲಿ ನನ್ನ ಮುದಿ ಕಣ್ಣಿಗೆ ಏನೂ ಕಾಣ್ಸಲ್ಲ. ಹೆತ್ತವಳು ಮರೀಬಹುದಾ ಹೀಗೆ?"

ಫೋಟೊವನ್ನು ಸ್ಕ್ಯಾನರಿನ ಗಾಜಿನ ಮೇಲಿಟ್ಟು ಕಂಪ್ಯೂಟರಿಗೆ ಇಳಿಸಿ, ದೊಡ್ಡದು ಮಾಡಿ ಪ್ರಿಂಟ್ ಕೊಟ್ಟೆ. ಹೊರಗೆ ಬಂದ ಮುಖ ನೀರಲ್ಲಿ ನೆನೆಸಿದ ಹಾಗೆ ಪೇಲವವಾಗಿತ್ತು. ಬಲಗಣ್ಣಿನ ಮೇಲೆ ಹಣೆಯಿಂದ ಗದ್ದದವರೆಗೂ ಒಂದು ಬಿಳಿ ಗೆರೆ. ಕೆಲವು ದಿನಗಳಿಂದ ಬಣ್ಣ ಸಪ್ಪೆಯಾಗುತ್ತಿತ್ತು ನಿಜ, ರೇಷ್ಮೆ ವ್ಯಾಪಾರಿಯೊಬ್ಬ ತನ್ನ ಕೆಂಪು ಚೀಟಿ ನೋಡಿ ಬಾಡಿದ ಟೊಮೇಟೊ ಎಂದು ಹಂಗಿಸಿಯೂ ಹೋಗಿದ್ದ. ಆದರೆ ಚೀಟಿಯ ಮೇಲಿನ ಗೆರೆ ಬೇರೆ, ಮುಖದ ಮೇಲಿನ ಗೆರೆ ಬೇರೆ. ಇನ್ನೊಂದು ತೆಗೆದೆ. ಮತ್ತೊಂದು ತೆಗೆದೆ. ಅದೇ ಕಣ್ಣು, ಅದೇ ಗೆರೆ.

ಖೋಲಾ ಹಾಳೆಯನ್ನು ಕಣ್ಣಿಗೆ ಅಂಟಿಸಿಕೊಂಡು ನೋಡಿದರು. "ನನ್ನ ನೋಡೋಕೆ ಇಷ್ಟ ಇಲ್ಲ ಅವಳಿಗೆ. ಮುಖಕ್ಕೆ ಪರದೆ ಹಾಕ್ಕೊಂಡಿದಾಳೆ. ಬಿಡು ಮಗಳೇ, ಫೋಟೊ ಕೊಡು, ಇನ್ನು ಅವಳನ್ನ ಗೋಳು ಹೊಯ್ಕೊಳ್ಳೋದು ಬೇಡ."

"ಸುಮ್ನೆ ಕೂತ್ಕೊಳ್ಳಿ ಖೋಲಾ!" ಎಂದು ಗದರಿಬಿಟ್ಟೆ. "ಇಷ್ಟ ಇಲ್ಲದೆ ಇರೋದು ಈ ದರಿದ್ರ ಪ್ರಿಂಟರಿಗೆ. ನಿಮ್ಮ ಮಗಳು ಏನು ಮಾಡ್ತಾಳೆ ಪಾಪ!" ಅವರನ್ನು ಹಿಡಿದು ಕೂರಿಸಿ ಉಸ್ತಾಗೆ ಫೋನ್ ಮಾಡಿದೆ.

ಉಸ್ತಾ ಬಂದರು, ಎಂದಿನಂತೆ ಕಷ್ಟ ಪರಿಹಾರ ಎಂದರು. ಹಾಳೆ ನೋಡಿದ ಮೇಲೆ, ಅದು ಯಾರ ಮುಖ ಎಂದು ತಿಳಿದ ಮೇಲೆ, ಚಹಾ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಮೊದಲು ನೀಲಿ, ಗುಲಾಬಿ, ಹಳದಿ, ಕಪ್ಪು, ಒಂದೊಂದು ಬಣ್ಣವನ್ನೂ ಬೇರೆ ಬೇರೆ ಹಾಳೆಯಲ್ಲಿ ತೆಗೆಸಿದರು. ನಾಲ್ಕರಲ್ಲೂ ಅದೇ ಜಾಗದಲ್ಲಿ ಗೆರೆ. "ಅಗ್ಗದ ಪುಡಿ ತುಂಬಿಸಿದೀಯ" ಎಂದು ನನ್ನ ಮೇಲೆ ಹಾಕಿದರು. ಹೊಸ ಪುಡಿಯ ಡಬ್ಬಿ ತಂದು ಹಾಕಿದರೂ ಗೆರೆ ಹೋಗಲಿಲ್ಲ. ಪಕ್ಕದ ಅಂಗಡಿಯಿಂದ ಡ್ರಮ್ಮುಗಳನ್ನು ಎರವಲು ತಂದು ಬದಲಿಸಿದರು, ಹೋಗಲಿಲ್ಲ. ಬಣ್ಣಗಳನ್ನು ಹಾಳೆಗೆ ದಾಟಿಸುವ ಅಗಲವಾದ ಕಪ್ಪು ಬೆಲ್ಟನ್ನು ಮಗುವಿನ ಮೈ ಒರೆಸುವ ಹಾಗೆ ಒರೆಸಿದರು. ಊಹೂಂ. ಚಹಾ ತಣ್ಣಗಾಯಿತು. ಆ ಮನುಷ್ಯ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಸಂಜೆ ಹೊರಡುವಾಗ ಖೋಲಾ ಮುಖ ನೋಡದೆ, "ನಾಳೆ ಬರ್ತೀನಿ" ಎಂದರು. ರಾತ್ರಿ ಊಟ ಬಿಟ್ಟರಂತೆ, ಜೆಬಿನಿಸೊ ಹೇಳಿದಳು.

ಮರುದಿನ ಖೋಲಾ ಬೆಳಿಗ್ಗೆಯೇ ಬಂದು ಕೂತಿದ್ದರು. ಉಸ್ತಾ ಬಂದವರು ಚಹಾ ಕೇಳಲಿಲ್ಲ. "ಓಯ್ದಿನ್, ಆ ಮುಖನೇ ಪ್ರಿಂಟ್ ಕೊಡು. ಹಾಳೆ ಅರ್ಧ ದಾರೀಲಿರುವಾಗ್ಲೇ ಇದರ ಬಾಗಿಲು ತೆಗೀತೀನಿ. ತಪ್ಪು ಎಲ್ಲಿ ಹುಟ್ಟುತ್ತೆ ಅಂತ ಕೈಯಾರೆ ಹಿಡಿಯೋಣ."

ಕೊಟ್ಟೆ. ಒಳಗೆ ಗುರ್ರೆನ್ನುತ್ತಿದ್ದಂತೆ ಉಸ್ತಾ ಬಾಗಿಲನ್ನು ಫಟ್ಟನೆ ತೆರೆದರು. ಪ್ರಿಂಟರ್ ನಿಂತಿತು. ಅವರು ಕಪ್ಪು ಬೆಲ್ಟನ್ನು ಮೆಲ್ಲಗೆ ಹೊರಕ್ಕೆ ಜಾರಿಸಿ ಬೆಳಕಿಗೆ ಹಿಡಿದರು. ದೇವರೇ! ಅದರ ಮೇಲೆ ನಫೊಸತ್ ಮಲಗಿದ್ದಳು. ಬರೀ ಪುಡಿಯಲ್ಲಿ. ಎಡ ಬಲ ತಿರುವುಮುರುವಾಗಿ, ಇನ್ನೂ ಶಾಖ ತಾಗದೆ, ಯಾವುದಕ್ಕೂ ಅಂಟದೆ, ಒಂದು ಮುಖ ಸುಮ್ಮನೆ ಹಾಗೆ ಕೂತಿತ್ತು. ಇಷ್ಟು ವರ್ಷ ಆ ಪ್ರಿಂಟರಿನ ಪಕ್ಕದಲ್ಲೇ ಕೂತು ಉಂಡವಳು ನಾನು, ಅದರೊಳಗೆ ಇಂಥದ್ದೊಂದು ನಡೆಯುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಯಾರೂ ಉಸಿರು ಬಿಡ್ಬೇಡಿ, ಹಾರಿ ಹೋಗ್ತಾಳೆ" ಎಂದು ಉಸ್ತಾ ಪಿಸುಗುಟ್ಟಿದರು. ಖೋಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಮೂವರೂ ಉಸಿರು ಹಿಡಿದು ಬಗ್ಗಿ ನೋಡಿದೆವು. ಪುಡಿಯ ಮುಖದ ಮೇಲೂ ಗೆರೆ ಇತ್ತು. ಅಲ್ಲಿ ಪುಡಿಯೇ ಕೂತಿರಲಿಲ್ಲ.

ಉಸ್ತಾ ನೆಟ್ಟಗಾದರು. "ಹಾಗಾದ್ರೆ ಹಾಳೆದು ತಪ್ಪಿಲ್ಲ, ಶಾಖ ಕೊಡೋ ಉರುಳೆದೂ ತಪ್ಪಿಲ್ಲ, ಅವೆರಡೂ ಇನ್ನೂ ಮುಂದಿದಾವೆ. ಪುಡಿ ನೋಡಿದ್ದಾಯ್ತು, ಡ್ರಮ್ಮು ನೋಡಿದ್ದಾಯ್ತು. ಅದಕ್ಕಿಂತ ಹಿಂದೆ ಉಳಿದಿರೋದು ಒಂದೇ. ಬೆಳಕು."

"ಬೆಳಕಾ?"

"ಮತ್ತಿನ್ನೇನು ಅಂದ್ಕೊಂಡಿದ್ದೆ? ಇದು ಮೊದಲು ಬರೆಯೋದೇ ಬೆಳಕಲ್ಲಿ ತಾಯಿ. ಡ್ರಮ್ಮಿನ ಮೇಲೆ ಬೆಳಕು ಎಲ್ಲಿ ಬೀಳುತ್ತೋ ಅಲ್ಲಿ ಮಾತ್ರ ಪುಡಿ ಬಂದು ಕೂರುತ್ತೆ. ಬೆಳಕಿನ ದಾರಿಗೆ ಯಾರೋ ಅಡ್ಡ ನಿಂತಿದಾರೆ."

ಆಮೇಲೆ ಅವರು ಒಂದೊಂದೇ ಭಾಗ ಕಳಚಿ ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಾ ಒಳಗೆ ಇಳಿದರು. ತಳದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದರಂತೆ ಬೆರಳಗಲದ ಉದ್ದನೆಯ ಗಾಜಿನ ಪಟ್ಟಿಗಳಿದ್ದವು. ಲೇಸರ್ ಹೊರಗೆ ಬರುವ ಕಿಟಕಿ ಅದೇ ಅಂತೆ. ಉಸ್ತಾ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೊದಲ ಗಾಜಿನ ಮೇಲೆ ಎಳೆದರು. ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಜಿಗುಟು ಜಿಗುಟಾಗಿ.

"ಇದೇನಿದು? ಪುಡಿ ಅಲ್ಲ, ಧೂಳೂ ಅಲ್ಲ." ಮೂಗಿಗೆ ಹಿಡಿದರು. ಆ ಮೂಗಿಗೆ ಏನು ತಿಳಿಯಬೇಕು! ನನ್ನ ಕಡೆ ಚಾಚಿದರು. ನಾನು ಮೂಸುವ ಮೊದಲೇ ಪಕ್ಕದಲ್ಲಿದ್ದ ಖೋಲಾ ಹತ್ತಿಯನ್ನು ಕಸಿದುಕೊಂಡರು. ಮೂಸಿದರು. ಮುಖ ಬಿಳಿಚಿಕೊಂಡಿತು.

"ಇದು ನಂದು."

"ಏನು ನಿಮ್ದು ಖೋಲಾ?"

"ಇಸಿರಿಕ್. ನಾನು ಹಾಕೋ ಹೊಗೆ." ಅವರು ನೆಲದ ಮೇಲೆ ಕುಸಿದು ಕೂತರು. "ಅವತ್ತು ಅವಳ ಕಣ್ಣು ಹಳದಿಯಾದಾಗ ಯಾರದೋ ದೃಷ್ಟಿ ಅಂದ್ಕೊಂಡೆ. ಆಸ್ಪತ್ರೆಗೆ ಕರ್ಕೊಂಡು ಹೋಗೋದು ಬಿಟ್ಟು ಇದೇ ಹೊಗೆ ಹಾಕ್ತಾ ಕೂತೆ. ಈಗ ಇಲ್ಲೂ ಅವಳಿಗೆ ಅಡ್ಡ ನಿಂತವಳು ನಾನೇನಾ?"

ಉಸ್ತಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ರಪ್ಪನೆ ಹಣೆ ಚಚ್ಚಿಕೊಂಡರು.

"ನೀವಲ್ಲ ಓಪಾ, ನಾನು! ಇದೇ ಅದರ ಮೂಗು, ಇಲ್ಲಿ ಹಿಡೀರಿ ಅಂತ ತೋರಿಸಿದ್ದು ಯಾರು? ಈ ಕತ್ತೆ ಎರ್ಗಶ್! ಅಯ್ಯೋ, ಈ ಸಾಲಲ್ಲಿ ನಾನು ರಿಪೇರಿ ಮಾಡಿದ ಪ್ರಿಂಟರುಗಳಿಗೆಲ್ಲ ಹೊಗೆ ಹಾಕ್ಸಿದೀನಲ್ಲಾ! ಎಲ್ಲವೂ ಒಂದೊಂದಾಗಿ ಸಪ್ಪೆ ಹೊಡೀತಿವೆ ಅಂತ ಕರೆಂಟನ್ನ ಬೈದೆ, ಪುಡಿ ಮಾರೋನನ್ನ ಬೈದೆ."

"ಅಂದ್ರೆ ನೀವೇ ಕೆಡಿಸಿ ನೀವೇ ರಿಪೇರಿ ಮಾಡ್ತಾ ಇದ್ರಾ ಉಸ್ತಾ? ಭಲೇ!" ಎಂದೆ. ಅಳು ತಡೆಯಲು ನನಗೆ ಬರುವುದು ಅದೊಂದೇ ದಾರಿ.

ಅವರು ಕಿವಿಯವರೆಗೂ ಕೆಂಪಾದರು. ಮುಂದಿನ ವಾರವಿಡೀ ಆ ಮನುಷ್ಯ ಅಂಗಡಿ ಅಂಗಡಿಗೆ ಹೋಗಿ, ತಪ್ಪು ನನ್ನದೇ ಎಂದು ಜೋರಾಗಿ ಸಾರಿ, ಎಲ್ಲರ ಪ್ರಿಂಟರಿನ ಗಾಜು ಒರೆಸಿಕೊಟ್ಟರು. ತನ್ನ ಜಾಣತನ ಕೊಚ್ಚಿಕೊಳ್ಳುತ್ತಿದ್ದಷ್ಟೇ ಗಟ್ಟಿ ದನಿಯಲ್ಲಿ ತನ್ನ ದಡ್ಡತನವನ್ನೂ ಹೇಳಿಕೊಳ್ಳುವವರನ್ನು ನಾನು ಅವರೊಬ್ಬರನ್ನೇ ಕಂಡಿದ್ದು.

ಆದರೆ ಆ ಗಳಿಗೆಯಲ್ಲಿ ಅವರು ಖೋಲಾ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತರು. ದನಿ ಇಳಿದಿತ್ತು. "ಓಪಾ, ನೀವು ಹೊಗೆ ಹಾಕಿದ್ದು ಒಳ್ಳೇದಾಗ್ಲಿ ಅಂತ. ನಾನು ಹಾಕ್ಸಿದ್ದೂ ಅದಕ್ಕೇ. ಹೊಗೆಗೇನು ಗೊತ್ತು, ಎಲ್ಲಿ ಹೋಗಿ ಕೂರ್ಬೇಕು ಅಂತ? ಅವತ್ತಿನದು ನನ್ನ ಕೈಲಿಲ್ಲ, ಅದಕ್ಕೆ ನಾನೇನೂ ಹೇಳಲಾರೆ. ಇವತ್ತಿನದು ಒರೆಸಿದ್ರೆ ಹೋಗುತ್ತೆ. ಬನ್ನಿ, ನೀವೇ ಒರೆಸಿ."

ಹೊಸ ಹತ್ತಿ ಅದ್ದಿ ಅವರ ಕೈಗೆ ಕೊಟ್ಟರು. ಖೋಲಾ ಮೊದಲು ಹಿಂಜರಿದರು. ಆಮೇಲೆ ಬಗ್ಗಿ, ಉಸ್ತಾ ಬೆರಳು ತೋರಿಸಿದ ಕಡೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದರು. ಹತ್ತಿ ಕಂದಾಯಿತು. ಇನ್ನೊಂದು ಹತ್ತಿ. ಮತ್ತೊಂದು. ಗಾಜುಗಳನ್ನೆಲ್ಲ ಒರೆಸಿ, ಕೊನೆಯ ಹತ್ತಿ ಬೆಳ್ಳಗೆ ಬರುವವರೆಗೂ ಅವರು ಬಿಡಲಿಲ್ಲ.

ಉಸ್ತಾ ಎಲ್ಲವನ್ನೂ ಮತ್ತೆ ಜೋಡಿಸಿದರು. ನಾನು ಮತ್ತೆ ಪ್ರಿಂಟ್ ಕೊಟ್ಟೆ. ಹಾಳೆ ಬಿಸಿಬಿಸಿಯಾಗಿ ಹೊರಗೆ ಬಂತು. ಎರಡೂ ಕಣ್ಣು, ತುಂಬಿದ ಕೆನ್ನೆ, ತಲೆವಸ್ತ್ರದ ಕೆಂಪು ಅಂಚು. ಏನು ಹುಡುಗಿ ಅದು! ನಗು ತಡೆದುಕೊಂಡು ಫೋಟೊಗೆ ಕೂತಿದ್ದಳೆಂದು ಕಾಣುತ್ತದೆ, ತುಟಿಯ ಕೊನೆಯಲ್ಲಿ ಅದು ಸಿಕ್ಕಿಬಿದ್ದಿತ್ತು. ನಾಲ್ಕು ಡಬ್ಬಿ ಪುಡಿಯಿಂದ ಇವಳು ಹೇಗೆ ಎದ್ದು ಬಂದಳು ಎಂದು ನಾನು ನೋಡುತ್ತಲೇ ನಿಂತೆ.

ಅಷ್ಟರಲ್ಲಿ ಎಡ ಹುಬ್ಬಿನ ಮೇಲೆ ಒಂದು ಸಣ್ಣ ಕಪ್ಪು ಚುಕ್ಕೆ ಕಣ್ಣಿಗೆ ಬಿತ್ತು. ತಲೆ ಕೆಟ್ಟುಹೋಯಿತು. "ಇನ್ನೂ ಏನೋ ಉಳಿದಿದೆಯಲ್ಲಾ ಉಸ್ತಾ! ಇರಿ, ಕಂಪ್ಯೂಟರಿನಲ್ಲೇ ಅಳಿಸಿಬಿಡ್ತೀನಿ" ಎಂದು ಮೌಸ್ ಹಿಡಿದೆ.

"ಕೈ ತೆಗಿ!" ಎಂದು ಉಸ್ತಾ ಗುಡುಗಿದರು. ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು, ಅಂಥದ್ದು ಇನ್ನೊಂದು ಚುಕ್ಕೆ ಎಲ್ಲೂ ಇರಲಿಲ್ಲ. ಆ ಉಗುರಿನಷ್ಟು ಫೋಟೊವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ನನಗೆ ಕೊಟ್ಟರು. "ತಲೆಕೆಳಗು ಮಾಡಿ ಗಾಜಿನ ಮೇಲಿಡು. ಮತ್ತೆ ಮೊದ್ಲಿಂದ ತೆಗಿ. ಚುಕ್ಕೆ ನಮ್ಮದಾದ್ರೆ ಹಾಳೆಯ ಅದೇ ಜಾಗದಲ್ಲಿ ನಿಲ್ಲುತ್ತೆ. ಅವಳದಾದ್ರೆ ಅವಳ ಜೊತೆ ಹೋಗುತ್ತೆ."

ತೆಗೆದೆ. ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಮುಖ ತಲೆಕೆಳಗಾಗಿತ್ತು. ಚುಕ್ಕೆ ಮುಖದ ಜೊತೆಯೇ ಹೋಗಿ, ಅದೇ ಎಡ ಹುಬ್ಬಿನ ಮೇಲೆ ಕೂತಿತ್ತು.

"ಇದು ಪ್ರಿಂಟರಿನದಲ್ಲ ಓಪಾ" ಎಂದರು ಉಸ್ತಾ. "ಇದು ನಿಮ್ಮ ಮಗಳದ್ದೇ."

ಖೋಲಾ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರ ತಂದರು. ಹೆಬ್ಬೆರಳಿನಿಂದ ಆ ಚುಕ್ಕೆಯನ್ನು ಮುಟ್ಟಿದರು, ಇನ್ನೊಮ್ಮೆ ಮುಟ್ಟಿದರು.

"ಹೌದು. ಹೌದಲ್ಲಾ! ಮೈ ತುಂಬ ಗುಳ್ಳೆ ಎದ್ದಿತ್ತು ಒಂದ್ಸಲ, ಇನ್ನೂ ಚಿಕ್ಕೋಳು. ಕೈಗೆ ಬಟ್ಟೆ ಕಟ್ಟಿ ಮಲಗಿಸ್ತಿದ್ದೆ. ಇದನ್ನೇ ಮರ್ತಿದ್ನಲ್ಲಾ ನಾನು, ಇಷ್ಟು ವರ್ಷ ಇದನ್ನೇ ಮರ್ತಿದ್ನಲ್ಲಾ!" ಆಮೇಲೆ ಅವರು ನಮ್ಮ ಕಡೆ ನೋಡಲೇ ಇಲ್ಲ. ಹಾಳೆಯ ಮೇಲೆ ಕಣ್ಣಿಟ್ಟು, ಎದುರಿಗೆ ನಿಂತ ಮಗಳನ್ನು ಬೈಯುವ ದನಿಯಲ್ಲೇ ಶುರು ಮಾಡಿದರು. "ಕೆರ್ಕೋಬೇಡ, ಕೆರ್ಕೋಬೇಡ, ಕಲೆ ಉಳಿಯುತ್ತೆ ಅಂತ ಬಡ್ಕೊಂಡೆ. ಕೇಳಿದ್ಯೇನೇ ನನ್ನ ಮಾತು? ಹಲ್ಲಿನಿಂದ ಕಟ್ಟು ಬಿಚ್ಚಿದ್ಯಲ್ಲೇ ಕಳ್ಳಿ! ನೋಡು ಈಗ, ನೋಡು!"

ಉಸ್ತಾ ನನ್ನ ತೋಳು ತಟ್ಟಿ ಬಾಗಿಲಿನ ಕಡೆ ಸನ್ನೆ ಮಾಡಿದರು. ಇಬ್ಬರೂ ಸದ್ದಿಲ್ಲದೆ ಹೊರಗೆ ಬಂದು ಬೀದಿಯಲ್ಲಿ ನಿಂತೆವು. ಒಳಗೆ ತಾಯಿ ಮಗಳ ಜಗಳ ಇನ್ನೂ ನಡೆದಿತ್ತು.